ನಿಲ್ಲದೆ ಒಪ್ಪಿಸಿದ ಪಾಠ

ಫೆಬ್ರುವರಿ 7, 2000. ಸೋಮವಾರ, ಸಂಜೆ

ಸೊಸೆ ಪ್ರಫುಲ್ಲಾ ಬಡಿದದ್ದು ರೊಟ್ಟಿಯೋ ನಾವಿರುವ ಮಲ್ಕಾಜ್‌ಗಿರಿಯ ನಕಾಶೆಯೋ ತಿಳಿಯಲಿಲ್ಲ. ತಿಂದೆ.

ಐದಕ್ಕೆ ಹುಡುಗಿಯರಿಬ್ಬರೂ ವರಾಂಡಕ್ಕೆ ಬಂದರು. ನನ್ನ ಮೊಮ್ಮಗಳು ತೇಜಸ್ವಿನಿ — ಒಂಬತ್ತನೆಯ ಕ್ಲಾಸು, ಇಂಗ್ಲಿಷ್ ಮೀಡಿಯಂ. ಹುಸೇನಮ್ಮನ ಮಗಳು ಭಾಗ್ಯಶ್ರೀ — ಅದೇ ಕ್ಲಾಸು, ಸರ್ಕಾರಿ ಸಾಲಿ, ತೆಲುಗು. ಹುಸೇನಮ್ಮ ಯಾದಗಿರಿ ಕಡೆಯವಳು, ನಮ್ಮ ರೈಲ್ವೆ ಕ್ವಾರ್ಟರ್ಸ್ ಎದುರಿನ ಹೊಸ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಾಳೆ.

ನನಗೆ ಇಂಗ್ಲಿಷೂ ಬಾರದು, ತೆಲುಗು ಓದಲೂ ಬಾರದು. ಆದರೂ ಪುಸ್ತಕ ನನ್ನ ತೊಡೆಯ ಮೇಲಿರಬೇಕು. ಕಿವಿ ಸಾಕು. ನಿಲ್ಲದೆ ಒಪ್ಪಿಸಿದರೆ ಒಂದು ತುಂಡು ಬೆಲ್ಲ. ನಿಂತರೆ ಇಲ್ಲ. ತೇಜು ಒಂದನೆಯ ಇಯತ್ತೆಯಲ್ಲಿದ್ದಾಗಿನಿಂದ ನಡೆದ ಪದ್ಧತಿ.

ತೇಜು ಗಡಿಯಾರದ ಮುಳ್ಳಿನ ಹಾಗೆ ಹೋದಳು. ಬೆಲ್ಲ. ಭಾಗ್ಯಶ್ರೀ ಮೂರು ಸಲ ನಿಂತಳು, ಪ್ರತಿ ಸಲವೂ ಛತ್ತಿನ ಕಡೆ ನೋಡುತ್ತ. ಮೇಲೆ ಹಲ್ಲಿ ಹುಡುಕುತ್ತಿದ್ದೀಯೇನು ಎಂದು ಕೇಳಿದೆ. ನಕ್ಕಳು. ದಡ್ಡಿ.

ಫೆಬ್ರುವರಿ 13, ರವಿವಾರ

ಕಾಲೇಜಿನವನೊಬ್ಬ ಮನೆಗೇ ಬಂದಿದ್ದ. ಇಂಥ ಬಿಸಿಲಲ್ಲಿ ಟೈ. ತೇಜುಳನ್ನು ಹತ್ತನೆಯದಕ್ಕೇ ಅವರ ಹಾಸ್ಟೆಲಿಗೆ ಹಾಕಬೇಕಂತೆ, ಲಿಂಗಂಪಲ್ಲಿಯ ಆಚೆ. ಒಂದು ದೊಡ್ಡ ಹಾಳೆ ಬಿಚ್ಚಿದ. ಕೆಂಪು, ನೀಲಿ ಚೌಕಗಳು. ಸೆಪ್ಟೆಂಬರಿಗೆ ಹತ್ತನೆಯದು ಪೂರಾ. ಆಮೇಲೆ ಇಂಟರ್, ನಮ್ಮ ಸೇಡಂ ಕಡೆ ಪಿಯುಸಿ ಅನ್ನುವುದು, ಅದರ ಗಣಿತ. ಆಮೇಲೆ ಇಂಜಿನಿಯರಿಂಗಿಗೆ ಎಂಸೆಟ್ ಪರೀಕ್ಷೆ. ಆಮೇಲೆ ಕಂಪ್ಯೂಟರ್. ಕೊನೆಯ ಚೌಕದಲ್ಲಿ ವಿಮಾನದ ಚಿತ್ರ. ಇದರಲ್ಲಿ ಹುಡುಗಿ ಊಟ ಮಾಡುವ ಚೌಕ ಯಾವುದು ಎಂದು ಹಿಂದಿಯಲ್ಲಿ ಕೇಳಿದೆ. ಅವನು ನಕ್ಕ. ನನ್ನ ಮಗ ಭೀಮಾಶಂಕರ ನಗಲಿಲ್ಲ.

ಅವನದೂ ತಪ್ಪಲ್ಲ. ಅಮೀರ್‌ಪೇಟದಲ್ಲಿ ಬಸ್ಸಿಳಿದರೆ ಆಕಾಶ ಕಾಣುವುದಿಲ್ಲ, ಬರೀ ಕಂಪ್ಯೂಟರ್ ಕೋರ್ಸಿನ ಬೋರ್ಡು.

"ನಾ ಹತ್ತನೇದು ಮುಗಿಸಿ ಸೀದಾ ರೈಲ್ವೆಗೆ ಬಿದ್ದೆ ಅವ್ವಾ. ಮುಂದ ಏನೈತಿ ಅಂತ ಹೇಳವ್ರು ಯಾರೂ ಇರಲಿಲ್ಲ. ಇಕಿಗರೆ ಈಗಲೇ ದಾರಿ ಬರದಿಡೂಣು."

ಆಮೇಲೆ ಟೈ ಹುಡುಗನಿಗೆ ತನ್ನ ಹಳೆಯ ಕಥೆ ಹೇಳಿದ. ನಮ್ಮ ತಾಯಿ ಸಾಲಿಗೇ ಮೊದಲಿನವಳು, ರಜಾಕಾರರ ಗದ್ದಲದಲ್ಲಿ ಸಾಲಿ ಮುಚ್ಚದಿದ್ದರೆ ಎಲ್ಲೋ ಇರುತ್ತಿದ್ದಳು. ಎಲ್ಲರಿಗೂ ಹೇಳುತ್ತಾನೆ. ನಾನು ಸೆರಗು ಸರಿ ಮಾಡಿಕೊಂಡು ಚಹಾಕ್ಕೆ ಎದ್ದೆ.

ಫೆಬ್ರುವರಿ 14. ಮಧ್ಯಾಹ್ನ

ತೊಗರಿ ಆರಿಸುತ್ತ ಕೂತಾಗ ಸಾಲಿ ನೆನಪಾಯಿತು. ಸೇಡಂ ಹತ್ತಿರದ ನಮ್ಮ ಊರು. ಗುಡಿಯ ಪೌಳಿಯಲ್ಲಿ ಸಾಲಿ. ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ. ಈ ಕನ್ನಡ ಅಕ್ಷರ ಮಠದ ಅಯ್ಯನವರು ಉಸುಕಿನ ಮೇಲೆ ತಿದ್ದಿಸಿದ್ದು. ಮೂವತ್ತು ಹುಡುಗರ ನಡುವೆ ನಾವು ಇಬ್ಬರೇ ಹುಡುಗಿಯರು, ನಾನು ಮತ್ತು ತುಳಸಾಬಾಯಿ. ಪಾಟಿಗೆ ಉಗುಳಿ ಒರೆಸಿದರೆ ಬೆನ್ನಿಗೆ ಬೀಳುತ್ತಿತ್ತು. ಅದಕ್ಕೆ ತುಳಸಾ ಲಂಗದ ತುದಿಯನ್ನು ಬಾವಿಯಲ್ಲಿ ತೋಯಿಸಿಕೊಂಡೇ ಬರುತ್ತಿದ್ದಳು. ದಿನವಿಡೀ ತೊಯ್ದ ಲಂಗ. ಇಬ್ಬರಿಗೂ ಅದೊಂದೇ.

ಒಂಟೆಯ ಪಾಠ ಈಗಲೂ ಬಾಯಲ್ಲಿದೆ. ಊಂಟ್ ಕಯೀ ರೋಜ್ ಪಾನಿ ಕೆ ಬಗೈರ್ ಚಲ್ ಸಕ್ತಾ ಹೈ… ಒಂಟೆ ನೀರಿಲ್ಲದೆ ಎಷ್ಟೋ ದಿನ ನಡೆಯುತ್ತದೆ ಎಂದು. ತೊಗರಿಯ ಜೊತೆ ಪೂರ್ತಿ ಹೇಳಿಕೊಂಡೆ. ಎಲ್ಲೂ ನಿಲ್ಲಲಿಲ್ಲ.

ಇನ್‌ಸ್ಪೆಕ್ಟರ್ ಸಾಹೇಬರು ಸಾಲಿ ನೋಡಲು ಬಂದ ದಿನದ್ದು… ಬೇಡ. ತೊಗರಿ ಮುಗಿಯಿತು.

ಫೆಬ್ರುವರಿ 27, ರವಿವಾರ

ತೇಜು ಕಾಲೇಜಿನವರ ಪರೀಕ್ಷೆ ಬರೆದು ಬಂದಳು. ಅಭ್ಯಾಸಕ್ಕೆಂದು ಅವರೇ ಒಂದು ಪುಸ್ತಕ ಕೊಟ್ಟಿದ್ದರು, ನೂರು ಲೆಕ್ಕ. ಹನ್ನೆರಡು ದಿನ ಅದು ನನ್ನ ತೊಡೆಯ ಮೇಲಿತ್ತು. ನೂರೂ ಬಾಯಿಪಾಠ. ಬೆಲ್ಲದ ಡಬ್ಬಿ ಖಾಲಿ. ಪರೀಕ್ಷೆಯಲ್ಲಿ ಅವೇ ಬಂದವಂತೆ.

ಮಾರ್ಚ್ 5, ರವಿವಾರ

ಫಸ್ಟ್ ರ್‍ಯಾಂಕ್. ಟೈ ಹುಡುಗ ಪೇಡೆ ತಂದ. ಮೇ ಒಂದಕ್ಕೆ ಹಾಸ್ಟೆಲ್. ಭೀಮಾಶಂಕರ ಆ ಹಾಳೆಯನ್ನು ಗೋಡೆಗೆ ಅಂಟಿಸಿದ.

ಸಂಜೆ ತೇಜು ಡಬ್ಬಿಯಾಕಾರದ್ದರಲ್ಲಿ ಎಷ್ಟು ಹಿಡಿಯುತ್ತದೆ ಎಂಬ ಪಾಠ ಒಪ್ಪಿಸಿದಳು. ಇಂಗ್ಲಿಷಿನಲ್ಲಿ. ಸೊಗಸಾಗಿ. ಖುಷಿಯಲ್ಲಿದ್ದೆ. ಬಾಗಿಲಲ್ಲಿ ನೀರಿನ ಹೊಸ ಡ್ರಮ್ಮಿತ್ತು. ಇದರಲ್ಲಿ ಎಷ್ಟು ಕೊಡ ಹಿಡಿಯುತ್ತದೆ ಹೇಳವ್ವ, ನಳ ನಾಳೆ ಬರುವುದಿಲ್ಲ ಎಂದೆ. ನಿಜಕ್ಕೂ ಬೇಕಾಗಿತ್ತು.

ತೇಜು ಬಾಯಿ ತೆರೆದಳು. ಪಾಠವನ್ನು ಮೊದಲಿನಿಂದ ಶುರುಮಾಡಿದಳು.

ಅದಲ್ಲ, ಈ ಡ್ರಮ್ಮು ಎಂದೆ. ಮತ್ತೆ ಮೊದಲಿನಿಂದ. ಇನ್ನೂ ಜೋರಾಗಿ. ಕುತ್ತಿಗೆಯ ನರ ಉಬ್ಬಿದ್ದವು.

ಭಾಗ್ಯಶ್ರೀ ಎದ್ದು ಪ್ರಫುಲ್ಲಾಳ ಹೊಲಿಗೆಯ ಟೇಪು ತಂದಳು. ಡ್ರಮ್ಮು ಅಳೆದಳು. ಕೊಡ ಎಷ್ಟು ಲೀಟರಿನದು ಎಂದು ಕೇಳಿದಳು. ಸುಣ್ಣದ ಚೂರಿನಿಂದ ನೆಲದ ಮೇಲೆ ಬರೆದಳು. ನಿಂತಳು, ಛತ್ತು ನೋಡಿದಳು, ಬರೆದಳು.

"ಹದಿಮೂರು ಕೊಡ ರೀ ಆಯಿ. ಮ್ಯಾಲ ಸ್ವಲ್ಪ ಜಾಗಾ ಉಳೀತೈತಿ."

ತೇಜು ಡ್ರಮ್ಮನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಆ ಕಣ್ಣು ನನಗೆ ಗೊತ್ತು.

ಮಾರ್ಚ್ 7

ನೀರು ಬಂತು. ನಾನೇ ತುಂಬಿದೆ, ಎಣಿಸುತ್ತ. ಹದಿಮೂರು. ಮೇಲೆ ಸ್ವಲ್ಪ ಜಾಗ.

ಏಪ್ರಿಲ್ 2, ರವಿವಾರ

ಒಂದು ತಿಂಗಳು ಇದನ್ನು ಮುಟ್ಟಲಿಲ್ಲ. ಬರೆದುಬಿಡುತ್ತೇನೆ.

ಇನ್‌ಸ್ಪೆಕ್ಟರ್ ಸಾಹೇಬರು ಕುದುರೆಯ ಮೇಲೆ ಬಂದಿದ್ದರು. ನನಗೆ ಹತ್ತು ವರ್ಷ, ನಾಲ್ಕನೆಯ ಇಯತ್ತೆ. ಮಾಸ್ತರರು ನನ್ನನ್ನೇ ಎಬ್ಬಿಸಿದರು. ಒಂಟೆಯ ಪಾಠ ಸರಾಗ ಒಪ್ಪಿಸಿದೆ. ಶಾಬಾಶ್ ಎಂದರು. ಅಪ್ಪ ಬಾಗಿಲಲ್ಲಿ ರುಮಾಲು ಸುತ್ತಿ ನಿಂತಿದ್ದ. ಆಗ ಸಾಹೇಬರು ಕೇಳಿದರು — ಬೇಟಿ, ಊಂಟ್ ಎಂದರೆ ಏನು? ನನಗೆ ಗೊತ್ತಿರಲಿಲ್ಲ. ಒಂಟೆಯನ್ನು ನಾನು ಕಂಡದ್ದಾದರೂ ಎಲ್ಲಿ? ಹೊರಗೆ ಕೈ ತೋರಿಸಿದೆ. ತಾವು ಹತ್ತಿ ಬಂದದ್ದು ಎಂದೆ.

ನಕ್ಕರು. ಹುಡುಗರು, ಮಾಸ್ತರರು, ಪೌಳಿಗೆ ಪೌಳಿಯೇ. ತುಳಸಾ ಮಾತ್ರ ನಗಲಿಲ್ಲ. ಅಪ್ಪ ನನ್ನ ಕೈ ಹಿಡಿದು ಮನೆಗೆ ಕರೆತಂದ. ಮರುದಿನ ಪಾಟಿ ತಮ್ಮನಿಗೆ ಹೋಯಿತು.

ರಜಾಕಾರರ ಗದ್ದಲದಲ್ಲಿ ಸಾಲಿ ಮುಚ್ಚಿದ್ದು ನಿಜ. ಅದು ಎಂಟು ತಿಂಗಳ ಮೇಲೆ.

ಭೀಮಾಶಂಕರನಿಗೆ ಹೇಳಿನೋಡಿದೆ, ತೇಜುಗೆ ಲೆಕ್ಕ ತಿಳಿದಿಲ್ಲ, ಬರೀ ಬಾಯಲ್ಲಿದೆ ಎಂದು. ಫಸ್ಟ್ ರ್‍ಯಾಂಕು ಸುಮ್ಮನೆ ಬರುತ್ತದೆಯೇ ಎಂದ. ಹಾಗಿದ್ದರೆ ಕಾಲೇಜಿನವನನ್ನು ಕರೆಸುತ್ತೇನೆ, ನಾಲ್ಕು ಮಂದಿಯ ಎದುರು ಪ್ರಶ್ನೆ ಕೇಳಲಿ ಎಂದ.

ಅದೊಂದು ಆಗಕೂಡದು.

ನಿಲ್ಲದಿದ್ದರೆ ಬೆಲ್ಲ ಎಂದು ಒಂಬತ್ತು ವರ್ಷ ಕಲಿಸಿದವಳು ನಾನು. ಟೈ ಹುಡುಗನಲ್ಲ.

ಏಪ್ರಿಲ್ 23, ರವಿವಾರ

ಟ್ರಂಕು ಬಂತು. ಅದರ ಮೇಲೆ ಹೆಸರು ಬರೆಸಿದರು. ತೇಜು ಬಟ್ಟೆ ಮಡಚುತ್ತ ನನ್ನ ಕಡೆ ತಿರುಗದೆ ಕೇಳಿದಳು.

"ಆಯಿ, ಅಲ್ಲಿ ನಾ ಯಾರಿಗೆ ಒಪ್ಪಸಲಿ?"

ಎದ್ದು ವರಾಂಡಕ್ಕೆ ಹೋದೆ. ಭೀಮಾಶಂಕರ ಪೇಪರ್ ಓದುತ್ತಿದ್ದ.

"ಭೀಮ್ಯಾ, ಸಾಲಿ ಮುಚ್ಚಿತಂತ ನಾ ಬಿಟ್ಟಿಲ್ಲೋ. ಸುಳ್ಳು ಹೇಳೀನಿ."

ಕುದುರೆ, ಊಂಟ್, ಅಪ್ಪನ ರುಮಾಲು — ಎಲ್ಲ ಹೇಳಿದೆ. ಅವನ ಮುಖ ಇಳಿಯುತ್ತ ಹೋಯಿತು. ಮೂವತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ತಾಯಿ ಅವಳು.

"ಇಷ್ಟು ದಿನ ಯಾಕ ಹೇಳಲಿಲ್ಲ ಅವ್ವಾ?"

"ನಗತಾರಂತ. ತೇಜೂನೂ ಅದಕ್ಕ ಹೇಳವಲ್ಲಳು."

ಪೇಪರ್ ಮಡಚಿದ. ಒಳಗೆ ಹೋದ. ಊಟಕ್ಕೆ ಕರೆದರೂ ಬರಲಿಲ್ಲ.

ಏಪ್ರಿಲ್ 25

ಆಫೀಸಿನಿಂದ ಬಂದವನು ಗೋಡೆಯ ಹಾಳೆ ಕಿತ್ತ. ಹರಿಯಲಿಲ್ಲ. ಬೋರಲು ಮಾಡಿ ನೆಲದ ಮೇಲೆ ಹಾಸಿದ, ಹಿಂದೆ ಬಿಳಿ. ತೇಜುಳನ್ನು ಕೂಡಿಸಿಕೊಂಡ. ಎಲ್ಲಿಂದ ತಿಳಿಯುವುದು ಬಿಟ್ಟಿತು ಎಂದು ಮೆಲ್ಲಗೆ ಕೇಳಿದ. ತೇಜು ಹಾಳೆಯ ಅಂಚು ಮಡಚುತ್ತ ಹೇಳಿದಳು. ಆರನೆಯ ಕ್ಲಾಸು. ಭಿನ್ನರಾಶಿ.

ಮೊದಲ ಚೌಕದಲ್ಲಿ ಅದನ್ನೇ ಬರೆದ. ಮೇ — ಆರನೆಯದರ ಭಿನ್ನರಾಶಿ. ಜೂನ್ — ಏಳು, ಎಂಟು. ಹತ್ತನೆಯದು ಈಗಿನ ಸಾಲಿಯಲ್ಲೇ, ಮನೆಯಿಂದಲೇ. ಇಂಟರ್‌ನಲ್ಲಿ ಯಾವ ವಿಷಯಗಳ ಗ್ರೂಪು ಎಂಬ ಚೌಕ ಖಾಲಿ. ಸಂಕ್ರಾಂತಿ ಕಳೆದ ಮೇಲೆ ನೀನೇ ತುಂಬು ಎಂದ. ವಿಮಾನ ಬರೆಯಲಿಲ್ಲ.

ಕೆಳಗೆ ಇನ್ನೊಂದು ಸಾಲು ಎಳೆದು ಭಾಗ್ಯಶ್ರೀಯ ಹೆಸರು ಬರೆದ. ಹತ್ತು, ಆಮೇಲೆ ಪಾಲಿಟೆಕ್ನಿಕ್ ಪರೀಕ್ಷೆ. ಮಗಳನ್ನು ಕರೆಯಲು ಬಂದ ಹುಸೇನಮ್ಮ ಸಿಮೆಂಟಿನ ಕೈಯನ್ನು ಹಿಂದೆ ಮುಚ್ಚಿಕೊಂಡು ನೋಡಿದಳು.

"ಹತ್ತರ ಮುಂದನೂ ಐತೇನ್ರೀ ಅಮ್ಮಾರ, ಇಕಿಗೆ?"

ಐತಿ ಎಂದೆ.

ಏಪ್ರಿಲ್ 29

ತೇಜುಗೆ ನನ್ನ ಮೇಲೆ ಸಿಟ್ಟು. ಗೆಳತಿಯರಿಗೆ ಹಾಸ್ಟೆಲಿನ ಸುದ್ದಿ ಹೇಳಿ ಮುಗಿಸಿದ್ದಳು. ಬೆಲ್ಲ ಕೊಟ್ಟರೆ ತಿರುಗಿ ಡಬ್ಬಿಗೇ ಹಾಕಿದಳು. ಟ್ರಂಕಿನಲ್ಲಿ ಪ್ರಫುಲ್ಲಾ ಅಕ್ಕಿ ತುಂಬಿದಳು.

ಮೇ 18

ರೊಟ್ಟಿಯನ್ನು ಎಂಟು ತುಂಡು ಮಾಡಿ ಭಿನ್ನರಾಶಿ. ತಿಳಿಸಿದವಳು ಭಾಗ್ಯಶ್ರೀ. ಪ್ರಫುಲ್ಲಾಳ ರೊಟ್ಟಿ ಕಡೆಗೂ ಒಂದು ಉಪಯೋಗಕ್ಕೆ ಬಂತು. ತೇಜು ನಕ್ಕಳು. ಇಪ್ಪತ್ತೈದು ದಿನದ ಮೇಲೆ.

ಜೂನ್ 12, ಸೋಮವಾರ. ಸಂಜೆ

ಸಾಲಿ ಶುರು. ಹತ್ತನೆಯ ಕ್ಲಾಸು. ಐದಕ್ಕೆ ವರಾಂಡಕ್ಕೆ ಬಂದರು. ಈಗ ಪುಸ್ತಕ ಮುಚ್ಚಿರಬೇಕು, ಹೇಳುವುದು ಕನ್ನಡದಲ್ಲಿ. ತೇಜು ಎರಡು ಸಲ ನಿಂತಳು. ನಿಲ್ಲಲಿ ಎಂದು ಕಾದೆ. ಹೊರಗೆ ಒಂದು ರೈಲುಗಾಡಿ ಪೂರ್ತಿ ದಾಟಿಹೋಯಿತು. ಆಮೇಲೆ ತಾನೇ ಮುಂದೆ ಹೋದಳು. ಬೆಲ್ಲ ಕೊಟ್ಟೆ.

ಬೆಲ್ಲ ಬಾಯಿಗೆ ಹಾಕಲಿಲ್ಲ. ಈಗ ನಿನ್ನ ಸರದಿ ಆಯಿ, ಒಂಟೆಯ ಪಾಠ ಒಪ್ಪಿಸು ಎಂದಳು. ಅವಳಪ್ಪ ಹೇಳಿರಬೇಕು. ಸೆರಗು ಹೊದ್ದು, ಕೈ ಕಟ್ಟಿ ನಿಂತೆ, ಪೌಳಿಯಲ್ಲಿ ನಿಂತ ಹಾಗೆ. ಊಂಟ್ ಕಯೀ ರೋಜ್… ಕೊನೆಯವರೆಗೆ. ಇಬ್ಬರೂ ನಗಲಿಲ್ಲ. ತೇಜು ಕೇಳಿದಳು.

"ಹಂಗಾರ ಆಯಿ, ಒಂದ ಸಲಕ್ಕ ಒಂಟಿ ಎಷ್ಟ ಕೊಡ ನೀರ ಕುಡೀತೈತಿ?"

ಪಾಠದಲ್ಲಿ ಇಲ್ಲ. ನಿಂತೆ. ಛತ್ತಿನ ಕಡೆ ನೋಡಿದೆ. ನಿಜವಾಗಿ ಒಂದು ಹಲ್ಲಿ ಇತ್ತು. ತೇಜು ಆ ಬೆಲ್ಲವನ್ನು ಡಬ್ಬಿಯ ಮುಚ್ಚಳದ ಮೇಲೆ ಇಟ್ಟಿದ್ದಾಳೆ, ಹೇಳಿದರೆ ನನಗಂತೆ. ಟೇಪು ಇಲ್ಲೇ ಇದೆ. ಒಂಟೆಯ ಹೊಟ್ಟೆಯನ್ನು ಡ್ರಮ್ಮೆಂದು ಹಿಡಿದರೆ…