ಅಪ್ಪನ ಕಂಪ್ಯೂಟರ್ ಗುಜರಿಗೆ ಕೊಡುವ ಮುಂಚೆ

ಆದರ್ಶ,

ಬೋಡಕ್‌ದೇವ್‌ಗೆ, ರತ್ನಮ್ಮನ ಮನೆಗೆ ಹೊರಟಿದ್ದೇನೆ. ಹುಳಿ ಇದೆ, ಬಿಸಿ ಮಾಡಿಕೊ.

ಅಪ್ಪನ ಹಳೇ ಕಂಪ್ಯೂಟರ್ ಒಯ್ಯಲು ನೀನು ಹೇಳಿದ್ದ ಗುಜರಿಯವನು ಬಂದಿದ್ದ. ಮಜ್ಜಿಗೆ ಕುಡಿಸಿ, ಸಂಜೆ ಬಾ ಅಂತ ಕಳಿಸಿದೆ. ದನಿ ಸತ್ತ ಡಬ್ಬ ಯಾಕಮ್ಮ ಅಂದೆಯಲ್ಲ, ಸತ್ತಿಲ್ಲ ಕಣೋ. ಆಯುಧಪೂಜೆಗೆ ಒಳಗಿನ ಕಾರ್ಡುಗಳನ್ನೆಲ್ಲ ಕಿತ್ತು ಅವುಗಳ ಅಂಚಿನ ಹಲ್ಲಿಗೆ ಕುಂಕುಮ ಹಚ್ಚಿದ್ದು ನೀನೂ ನಿನ್ನ ತಂಗಿ ಮೇದಿನಿಯೂ ತಾನೆ? ಬಾಯಿ ತುಂಬ ಕುಂಕುಮ ತುರುಕಿದರೆ ಅದು ಹೇಗೆ ಮಾತಾಡೀತು?

ಮೊದಲು ಪ್ಲಗ್ಗು ಕೀಳು. ಹಿಂದೆ ಸಾಲಾಗಿ ದುಂಡು ತೂತಿರುವ ಕಾರ್ಡೇ ಹಾಡೋದು. ಚೌಕ ತೂತಿನದು ಫೋನಿಂದು, ಅದರ ತಂಟೆ ಬೇಡ. ಹಾಡೋದನ್ನು ನೆಟ್ಟಗೆ ಮೇಲೆತ್ತಿ, ಚಿನ್ನದ ಬಣ್ಣದ ಹಲ್ಲನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜು. ಅಪ್ಪ ಇದ್ದಾಗ ಹಾಗೇ ಮಾಡುತ್ತಿದ್ದರು. ಒದ್ದೆ ಬಟ್ಟೆ ಮುಟ್ಟಿಸೀಯೆ! ಅದಿದ್ದ ಜಾಗದಲ್ಲೇ ಒತ್ತಿ ಕೂರಿಸಿ, ಸ್ಪೀಕರ್ ಸಿಕ್ಕಿಸಿ ಆನ್ ಮಾಡು.

ಆನ್ ಆಗುವಾಗ ಬರುವ ಸದ್ದಿನ ಬದಲು ಅಪ್ಪ ತಮ್ಮ ದನಿಯನ್ನೇ ತುಂಬಿಟ್ಟಿದ್ದರು, ನೀನು ಮರೆತಿದ್ದೀಯ. "ಯಾರೋ ಅದು, ನನ್ನ ಕಂಪ್ಯೂಟರ್ ಮುಟ್ಟಿದ್ದು?" ಅಂತ ಗದರುತ್ತಾರೆ. ಗುಜರಿಗೆ ಕೊಡ್ತಿದ್ದೀನಿ ಅಂತ ಅವರಿಗೆ ನೀನೇ ಹೇಳು. ಆ ಹೊತ್ತಿಗೆ ನಾನಂತೂ ಮನೆಯಲ್ಲಿರಲ್ಲಪ್ಪ.

ಅಮ್ಮ