ಆಷಾಢದ ನೆಪ

ರೀ,

ನಕಾಶೆಯಲ್ಲಿ ನೀವು ಕೆಂಪು ಪೆನ್ಸಿಲ್‌ನಿಂದ ಸುತ್ತು ಹಾಕಿದ್ದ ಊರಿಗೆ ಬಂದಿದ್ದೇನೆ. ಊರು ಅಂದರೆ ಜಾಸ್ತಿಯೇ ಆಯಿತು. ಮುಚ್ಚಿಹೋದ ಒಂದು ಪೆಟ್ರೋಲ್ ಬಂಕು, ಒಂದು ತಿಂಡಿ ಅಂಗಡಿ, ಆರ್‌ವಿಗಳು, ಅದೇ ಮನೆಯಂಥ ಗಾಡಿಗಳು, ತಂಗುವ ಬಯಲು. ಪಕ್ಕದಲ್ಲೇ ಅಮೆರಿಕದ ಆ ಹಳೇ ಹೆದ್ದಾರಿ, ನಿಮ್ಮ ರೂಟ್ ಅರವತ್ತಾರು. ಬಿರುಕು ಬಿಟ್ಟ ಹಳೇ ಡಾಂಬರು, ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಮರಳು, ಕುರುಚಲು ಪೊದೆ.

ಮಗಳ ಊರು ಕೆನ್ಮೋರ್ ಬಿಟ್ಟು ಇವತ್ತಿಗೆ ಐದು ದಿನ. ಸೌಜನ್ಯ, ಅಳಿಯ ಅಭಿನವ್ ಬಾಡಿಗೆಗೆ ಹಿಡಿದ ಈ ಗಾಡಿಯೊಳಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲ ಇದೆ. ಆದರೆ ನನಗೆ ಕೂರಲು ಆಗುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಇಳಿಯಬೇಕು. "ಅಮ್ಮಾ, ಒಂದ್ ಕಡೆ ಕೂತ್ಕೊಳ್ಳೇ, ನೀನು ಓಡಾಡಿದ್ರೆ ಇಡೀ ಗಾಡಿ ಅಲ್ಲಾಡುತ್ತೆ" ಎಂದು ನಿಮ್ಮ ಮಗಳು ಬೈದಳು. ಇಳಿದು ಹೋಗಿ, ನಿಮ್ಮ ಹಾಗೆ ಟೈರುಗಳನ್ನೆಲ್ಲ ಅಂಗೈಯಿಂದ ತಟ್ಟಿ ಬಂದೆ. ಎರಡನೇ ಸಲ ಇಳಿದಾಗ ಬಿಸಿಗೆ ಕೈ ಸುಟ್ಟಿತು. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದಿದ್ದೇನೆ.

ಹೋದ ವರ್ಷ ಆಷಾಢದಲ್ಲೇ ನೀವು ಹೊರಡಲು ಎಲ್ಲ ಸಿದ್ಧ ಮಾಡಿದ್ದಿರಿ. ಮೈಸೂರು ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಮಗಳ ಮನೆಗೆ ಬಂದ ಮೇಲೆ ಇಲ್ಲಿಯ ಲೈಸೆನ್ಸನ್ನೂ ಪಡೆದು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದವರು. "ಇದೊಂದು ರೋಡು ಓಡಿಸಿಬಿಟ್ರೆ ಸಾಕು ಕಣೇ" ಎಂದಿರಿ. ಆಷಾಢದಲ್ಲಿ ದೂರದ ಪ್ರಯಾಣ ಬೇಡ ಎಂದೆ. ನೀವು ಜೋರಾಗಿ ನಕ್ಕಿರಿ. "ಆಷಾಢ ಶುಕ್ರವಾರ ಬೆಟ್ಟಕ್ಕೆ ಸ್ಪೆಷಲ್ ಬಸ್ ಹತ್ತಿಸ್ತಿದ್ದೋನಿಗೆ ಆಷಾಢದ ಕತೆ ಹೇಳ್ತೀಯಾ? ಚಾಮುಂಡಿ ತಾಯೀನೇ ಬ್ರೇಕ್ ಹಾಕ್ಲಿಲ್ಲ, ನೀನು ಹಾಕ್ತೀಯಾ?"

ನಾನು ಬಿಡಲಿಲ್ಲ. ಅತ್ತುಬಿಟ್ಟೆ. ಊಟ ಬಿಟ್ಟೆ. ಸೌಜನ್ಯ ಬುಕಿಂಗ್ ರದ್ದು ಮಾಡಿದಳು. ನೀವು ನಕಾಶೆ ಮಡಿಸಿ ಫ್ರಿಜ್ಜಿನ ಮೇಲಿಟ್ಟು, "ನನ್ನ ಜೊತೆ ಬರೋಕೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳ್ಬಿಡು ಜಾನಕಿ" ಎಂದಿರಿ. ಮತ್ತೆ ಆ ಮಾತು ಎತ್ತಲಿಲ್ಲ. ಜನವರಿಯಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಅದು ಆಷಾಢಕ್ಕಲ್ಲ ರೀ. ನಿಮ್ಮ ಕಣ್ಣಿಗೆ ಹೆದರಿ.

ಆ ಬುಕಿಂಗ್ ರದ್ದಾಗುವುದಕ್ಕೆ ಒಂದು ವಾರ ಮುಂಚೆ, ಕೆರೆ ಪಕ್ಕದ ರಸ್ತೆಯಲ್ಲಿ ಬಲಗಡೆಯಿಂದ ಸೈಕಲ್ಲಿನಲ್ಲಿ ಒಬ್ಬಳು ಬಂದಳು. ನೀವು ಕಾರನ್ನು ಬಲಕ್ಕೇ ತಿರುಗಿಸಿಬಿಟ್ಟಿರಿ. ಅವಳೇ ಬ್ರೇಕ್ ಹಾಕಿ ಕಾಲೂರಿ ನಿಂತಳು. ನೀವು ಏನೋ ಗುನುಗುತ್ತಾ ಮುಂದೆ ಹೋದಿರಿ. ಅವಳನ್ನು ನೋಡಿರಲೇ ಇಲ್ಲ. ಆಮೇಲೆ ಗಮನಿಸುತ್ತಾ ಬಂದೆ. ಬಲಕ್ಕೆ ಕಾಫಿ ಲೋಟ ಇಟ್ಟರೆ ಕೈ ತಡಕಾಡುತ್ತಿತ್ತು. ಬಾಗಿಲಿಗೆ ಬಲ ಭುಜ ತಾಗುತ್ತಿತ್ತು. ಮಗಳಿಗೆ ಹೇಳಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸುತ್ತಿದ್ದಳು, ಆ ಲೈಸೆನ್ಸು ಜೇಬಿನಿಂದ ಹೋಗುತ್ತಿತ್ತು. ಒಂದೂ ಆಕ್ಸಿಡೆಂಟ್ ಮಾಡದ ಡ್ರೈವರ್ ಎಂದು ಹಾರ ಹಾಕಿಸಿಕೊಂಡವರಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಪಂಚಾಂಗದ ಮೇಲೆ ಹಾಕಿದೆ. ತೋರಿಸಿದ್ದರೆ ಕಣ್ಣಾದರೂ ಉಳಿಯುತ್ತಿತ್ತೋ ಏನೋ. ನನ್ನನ್ನು ಕೂರಲು ಬಿಡದಿರುವುದು ಅದೇ.

ಮಧ್ಯಾಹ್ನ ಇಲ್ಲಿಗೆ ಬಂದಾಗ ಅಭಿನವ್ ಗಾಡಿಯನ್ನು ರಿವರ್ಸ್ ತೆಗೆದು ನಿಲ್ಲಿಸಬೇಕಿತ್ತು. ಹಿಂದಿನ ಕ್ಯಾಮೆರಾಕ್ಕೆ ಧೂಳು ಮೆತ್ತಿಕೊಂಡಿತ್ತು. ನಾನು ಇಳಿದು ಹಿಂದೆ ನಿಂತೆ. ಡಿಪೋ ಪಕ್ಕದ ಕ್ವಾರ್ಟರ್ಸಿನಲ್ಲಿ ದಿನಾ ಬೆಳಿಗ್ಗೆ ಕೇಳಿದ ಕೂಗು ತಾನಾಗಿ ಬಾಯಿಗೆ ಬಂತು. "ಬರ್ಲಿ, ಬರ್ಲಿ, ಲೆಫ್ಟ್ ಕಟ್, ಬರ್ಲಿ... ಹೋಲ್ಡಾನ್!" ಪಕ್ಕದ ಗಾಡಿಯ ಮುದುಕ ಕುರ್ಚಿಯಿಂದ ಎದ್ದು ನಿಂತ. "ಅತ್ತೆ, ನೀವೂ ಡಿಪೋದಲ್ಲಿ ಡ್ಯೂಟಿ ಮಾಡ್ತಿದ್ರಾ?" ಎಂದು ಅಭಿನವ್ ನಕ್ಕ.

ನಾನು ಟೈರಿನ ಪಕ್ಕ ಕೂತುಬಿಟ್ಟೆ. ನಿಮಗೆ ಕಾಣದ್ದನ್ನು ಬಸ್ಸಿನ ಹಿಂದೆ ನಿಂತ ಕಂಡಕ್ಟರ್ ಕೂಗಿ ಹೇಳುತ್ತಿದ್ದ, ನೀವು ನಂಬಿ ಸ್ಟಿಯರಿಂಗ್ ತಿರುಗಿಸುತ್ತಿದ್ದಿರಿ. ಮೂವತ್ತೊಂದು ವರ್ಷ ಅದನ್ನು ಅವಮಾನ ಎಂದುಕೊಂಡವರಲ್ಲ. ನಾನು ಹೇಳಬಹುದಿತ್ತು.

ಸೌಜನ್ಯಳಿಗೆ ಎಲ್ಲ ಹೇಳಿದೆ. "ನನಗಾದ್ರೂ ಹೇಳ್ಬಾರ್ದಿತ್ತಾ?" ಎಂದಳು. ಎದ್ದು ಹೋಗಿ ಕ್ಯಾಮೆರಾದ ಧೂಳು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಈಗ ಒಳಗೆ ಬಂದು, ನನ್ನ ಮುಖ ನೋಡದೆ ಕೇಳಿದಳು: "ನಾಳೆ ಮಂಗಳವಾರ. ಆಷಾಢ ಬೇರೆ. ಹೊರಡ್ಬಹುದಾ?"

ಬೆಳಿಗ್ಗೆ ಆರಕ್ಕೇ ಹೊರಡೋಣ ಎಂದೆ. ನಾನು ಮುಂದಿನ ಸೀಟಿನಲ್ಲಿ ಕೂರುತ್ತೇನೆ, ಬಲಗಡೆ, ನಕಾಶೆ ಹಿಡಿದುಕೊಂಡು.

ನೀವಿರುವ ಕಡೆ ತಣ್ಣಗಿರಿ. ನೇರವಾಗಿ ಹೇಳು ಎಂದಿದ್ದಿರಿ. ನಿಮ್ಮ ಜೊತೆ ಬರಲು ನನಗೆ ಇಷ್ಟವಿತ್ತು ರೀ.

ನಿಮ್ಮ
ಜಾನಕಿ