ಆಚೆ ದಡದ ಔಷಧಿ, ಈಚೆ ದಡದ ಹಣ

ಕ್ರಿ.ಶ. ೨೧೮೭, ಫೆಬ್ರವರಿ ೩೦
ಗೋನಗಡ್ಡೆ, ಕೃಷ್ಣಾ ನದಿ

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಹುಲಿಗೆಮ್ಮ, ಹದಿನೇಳು ಮನೆಗಳ ಈ ನಡುಗಡ್ಡೆಯ ಪಂಚಾಯಿತಿ ಅಧ್ಯಕ್ಷೆ. ಇವತ್ತು ಒಂದು ಠರಾವು ಪಾಸಾಗಿದೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹೇಳಿಕೊಳ್ಳಲು ಇಲ್ಲಿನ ಜನ ಸಾಲದೆ ನಿಮಗೂ ಬರೆಯುತ್ತಿದ್ದೇನೆ.

ನೀವು ಗುಪ್ತರೋಗ ಎಂದು ಪಿಸುಗುಟ್ಟುತ್ತಿದ್ದಿರಂತೆ. ನಾವು ‘ಒಳಾರೋಗ್ಯ’ ಎನ್ನುತ್ತೇವೆ. ಸೋಂಕಿನ ಪರೀಕ್ಷೆ, ಔಷಧಿ, ಸದ್ಯಕ್ಕೆ ಮಕ್ಕಳು ಬೇಡವೆನ್ನುವವರಿಗೆ ಸಲಹೆ, ಎಲ್ಲ ಅದರಲ್ಲೇ ಬರುತ್ತದೆ. ಹೆಸರು ಬದಲಾದರೂ ನಾಚಿಕೆ ಬದಲಾಗಿಲ್ಲ ನೋಡಿ. ನಮ್ಮ ದವಾಖಾನೆಯ ನರ್ಸು ಅರ್ಧ ಊರಿಗೆ ಸೋದರತ್ತೆ. ಅವಳ ಮುಂದೆ ಯಾರು ಬಾಯಿ ಬಿಡುತ್ತಾರೆ? ಅದಕ್ಕೇ ‘ಆಚೆದಡದ ಕಾನೂನು’ ಬಂತು. ಯಾರು ಬೇಕಾದರೂ ಬೇರೆ ಊರಿಗೆ ಹೋಗಿ ತೋರಿಸಿಕೊಳ್ಳಬಹುದು, ಖರ್ಚನ್ನು ಅವರ ಸ್ವಂತ ಊರಿನ ಪಂಚಾಯಿತಿ ಕಟ್ಟಬೇಕು. ಆಸ್ಪತ್ರೆ ಕಳಿಸುವ ಬಿಲ್‌ನಲ್ಲಿ ಊರಿನ ಹೆಸರಷ್ಟೇ ಇರುತ್ತದೆ, ಮನುಷ್ಯರದ್ದು ಇರುವುದಿಲ್ಲ.

ದೊಡ್ಡ ಊರಿಗೆ ಇದು ಸರಿ, ಹದಿನೇಳು ಮನೆಗಳಿಗೆ? ಹೋದ ತಿಂಗಳು ಬಿಸಿಲುದೋಣಿ, ಅಂದರೆ ಬಿಸಿಲ ಬಲದಿಂದ ಓಡುವ ನಮ್ಮ ದೋಣಿ, ಹತ್ತಿ ಆಚೆ ದಡದ ಪಟ್ಟಣಕ್ಕೆ ಹೋಗಿದ್ದವಳು ಒಬ್ಬಳೇ ಹುಡುಗಿ. ಪದ್ಧತಿಯಂತೆ ಸಭೆಯಲ್ಲಿ ಬಿಲ್ ಓದಿದ್ದೇ ತಡ, ಎಲ್ಲರಿಗೂ ತಿಳಿದುಹೋಯಿತು. ಬೈದಿದ್ದರೂ ವಾಸಿಯಿತ್ತು. ನಮ್ಮವರು ಪ್ರೀತಿಯ ಜನ. ಆಸ್ಪತ್ರೆಯಿಂದ ಬಂದವರ ಮನೆಗೆ ಬುತ್ತಿ ಕಳಿಸುವುದು ಇಲ್ಲಿನ ರೂಢಿ. ಸಂಜೆಯೊಳಗೆ ಎಲ್ಲ ಮನೆಗಳಿಂದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಅವಳ ಕಟ್ಟೆಯ ಮೇಲೆ ಸಾಲುಗಟ್ಟಿದವು. ಇನ್ನು ಮುಚ್ಚಿಡಲು ಏನು ಉಳಿಯಿತು? ಹುಡುಗಿ ಬಾಗಿಲು ಹಾಕಿಕೊಂಡಳು, ಔಷಧಿಯನ್ನು ಅರ್ಧಕ್ಕೇ ಬಿಟ್ಟಳು. ಸೋಂಕು ಹಾಗೇ ಉಳಿದರೆ ಮುಂದೆ ಮಕ್ಕಳಾಗುವುದೇ ಕಷ್ಟವಾಗಬಹುದು ಎಂದು ನರ್ಸಮ್ಮ ಯಾರ ಹೆಸರೂ ಎತ್ತದೆ, ನನ್ನ ಮುಖ ನೋಡುತ್ತ ಹೇಳಿದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ನದಿಯ ಗಡ್ಡೆಗಡ್ಡೆಗೂ ಅಲೆದೆ. ನಿಮ್ಮೂರಿನ ಖರ್ಚು ನಮ್ಮ ತಲೆಗೇಕೆ ಎಂದರು ಅಲ್ಲಿನ ಅಧ್ಯಕ್ಷರು. ನಿಮ್ಮ ಮನೆ ಮಗಳೂ ಒಂದು ದಿನ ದೋಣಿ ಹತ್ತುತ್ತಾಳೆ ಎಂದೆ, ಲೆಕ್ಕದ ಪುಸ್ತಕ ಬಿಚ್ಚಿದರು. ಇವತ್ತಿನ ಠರಾವಿನಂತೆ ಎಲ್ಲ ಗಡ್ಡೆಗಳೂ ತಮ್ಮ ಒಳಾರೋಗ್ಯದ ದುಡ್ಡನ್ನು ಒಂದೇ ಗಂಟಿಗೆ ಹಾಕಿದವು! ಇನ್ನು ಬಿಲ್ ಬರುವುದು ‘ನದಿಸೀಮೆ’ ಎಂಬ ಒಂದೇ ಹೆಸರಿಗೆ. ಸಾವಿರಾರು ಜನರಲ್ಲಿ ಯಾರೆಂದು ಯಾವ ಜಾಣನೂ ಹೇಳಲಾರ. ದೋಣಿ ಹತ್ತಿದವರು ಸಂತೆಗೆ ಹೋದರೋ, ಸೀರೆ ತರಲು ಹೋದರೋ, ಅವರಿಗೇ ಗೊತ್ತು.

ಎಲ್ಲ ಗಡ್ಡೆಗಳ ಸಭೆ ಮುಗಿಸಿ ಬಂದರೆ ಆ ಹುಡುಗಿ ನಮ್ಮ ದಡದಲ್ಲೇ ನಿಂತಿದ್ದಳು. “ಯಕ್ಕಾ, ಇನ್‌ಮ್ಯಾಲೆ ಬಿಲ್ಲಿನ್ಯಾಗ ನಮ್ಮ ಗಡ್ಡಿ ಹೆಸ್ರು ಬರಂಗಿಲ್ಲ, ಹೌದಿಲ್ಲ?” ಎಂದಳು. ಬರುವುದಿಲ್ಲ ಎಂದೆ. ನಾನು ಇಳಿದ ದೋಣಿಯನ್ನೇ ಹತ್ತಿ ಪಟ್ಟಣಕ್ಕೆ ಹೋದಳು. ಅವಳ ಹೆಸರನ್ನು ನಿಮಗೂ ಹೇಳುವುದಿಲ್ಲ.

ನಿಮ್ಮ ಬಸ್‌ಸ್ಟ್ಯಾಂಡಿನಲ್ಲೂ ಈಗ ಯಾರೋ ಒಬ್ಬಳು, ಹೋಗಲೋ ಬೇಡವೋ ಎಂದು ಮುಖಕ್ಕೆ ಸೆರಗು ಹಿಡಿದು ನಿಂತಿರುತ್ತಾಳೆ. ನಮ್ಮ ಕಾಲ ಬರುವವರೆಗೆ ಅವಳನ್ನು ಕಾಯಿಸಬೇಡಿ. ಖರ್ಚು ಊರು ಕೊಡಲಿ; ಅವಳು ಯಾರೆಂದು ಮಾತ್ರ ಕೇಳಬೇಡಿ.